ಒಂದೇ ಟಿಕ್‌ನ ಚಿತ್ರಕ್ಕೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಡಿಜಿಟಲ್ ಕಲೆಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಆನ್‌ಲೈನ್ ಡೇಟಿಂಗ್‌ನಲ್ಲಿ ಮಾತು ಬಿಟ್ಟು ಮಾಯವಾದವರ ಬಗ್ಗೆ ಚಿತ್ರ, ಅನಿಮೇಷನ್ ಮಾಡುವವರನ್ನು ಲೇಖಕರು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದಾರೆ. ಇದು ಗೋಳು, ಕಲೆಯಲ್ಲ, ಚಾಟ್‌ನ ಸ್ಕ್ರೀನ್‌ಶಾಟ್‌ಗೆ ಬಣ್ಣ ಬಳಿದರೆ ಕಲೆಯಾಗುತ್ತಾ ಅಂತ ಕೇಳಿದ್ದಾರೆ. ಡೇಟಿಂಗ್ ಆ್ಯಪ್‌ಗಳು ಬಂದ ಮೇಲೆ ಹುಟ್ಟಿಕೊಂಡ ಶೋಕಿ ಅಂತಲೂ ಬರೆದಿದ್ದಾರೆ. ಓದಿ ಬೇಜಾರಾಯ್ತು. ನಾನೂ ಅಂಥ ಒಂದು ಅನಿಮೇಷನ್ ಮಾಡಿದವಳು, ಆದ್ದರಿಂದ ಬೇಜಾರಾಗೋದು ಸಹಜವೇ. ಆದರೆ ಈ ಪತ್ರ ಅದಕ್ಕಲ್ಲ. ಅವರು ಒಂದು ಮುಖ್ಯವಾದ ವಿಷಯವನ್ನು ನೋಡದೆ ದಾಟಿಹೋಗಿದ್ದಾರೆ, ಅದನ್ನು ಹೇಳಬೇಕು ಅನ್ನಿಸಿತು.

ಘೋಸ್ಟಿಂಗ್ ಅನ್ನೋ ಮಾತು ಎಲ್ಲ ಓದುಗರಿಗೂ ಗೊತ್ತಿರಲಿಕ್ಕಿಲ್ಲ. ದಿನವೂ ಮಾತಾಡುತ್ತಿದ್ದ ಒಬ್ಬರು ಒಂದು ದಿನ ಇದ್ದಕ್ಕಿದ್ದಂತೆ ಉತ್ತರ ಕೊಡೋದನ್ನು ನಿಲ್ಲಿಸುತ್ತಾರೆ. ಜಗಳ ಆಗಿರಲ್ಲ. ಬೇಡ ಅಂತಲೂ ಹೇಳಿರಲ್ಲ. ಫೋನ್ ಎತ್ತಲ್ಲ, ಮೆಸೇಜ್ ನೋಡಿದರೂ ಸುಮ್ಮನಿರುತ್ತಾರೆ. ಇಷ್ಟೇ. ಮೆರಿಯಂ-ವೆಬ್‌ಸ್ಟರ್ ಡಿಕ್ಷನರಿ ಈ ಪದವನ್ನು ಈ ಅರ್ಥದಲ್ಲಿ 2017ರಲ್ಲಿ ಸೇರಿಸಿಕೊಂಡಿತು. ಪದ ಹೊಸದು, ನೋವು ಹಳೆಯದು. ಹಳೆಯ ನೋವಿಗೆ ಹೊಸದಾಗಿ ಏನು ಸೇರಿಕೊಂಡಿದೆ ಅನ್ನೋದೇ ಇಲ್ಲಿ ವಿಷಯ.

ನನ್ನದನ್ನು ಚಿಕ್ಕದಾಗಿ ಹೇಳ್ತೀನಿ. ಒಂದು ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರ ಜೊತೆ ನಾಲ್ಕು ತಿಂಗಳು ಮಾತಾಡಿದೆ. ಮೂರು ಸಲ ಭೇಟಿಯಾದೆವು. ಮೂರನೇ ಸಲ ಅವರು ಹೊರಟಾಗ ಮಳೆ ಬರುತ್ತಿತ್ತು. ರಾತ್ರಿ "ಮನೆ ತಲುಪಿದ್ರಾ?" ಅಂತ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹಾಕಿದೆ. ಎರಡು ಟಿಕ್ ಬಂತು, ಅಂದರೆ ಮುಟ್ಟಿತು. ಸ್ವಲ್ಪ ಹೊತ್ತಿಗೆ ನೀಲಿಯೂ ಆಯ್ತು, ಅಂದರೆ ಓದಿದರು. ಕೆಳಗೆ ಆ ಮೂರು ಚುಕ್ಕಿ ಕುಣಿಯೋಕೆ ಶುರುವಾಯ್ತು, ಅಂದರೆ ಅವರು ಏನೋ ಟೈಪ್ ಮಾಡುತ್ತಿದ್ದಾರೆ. ನಿಂತಿತು. ಮತ್ತೆ ಶುರುವಾಯ್ತು. ಮತ್ತೆ ನಿಂತಿತು. ಅಷ್ಟೇ, ಆಮೇಲೆ ಏನೂ ಬರಲಿಲ್ಲ. ಮೊದಲ ಎರಡು ದಿನ ಅವರಿಗೆ ಏನಾದರೂ ಆಗಿರಬಹುದಾ ಅಂತ ಹೆದರಿದ್ದೆ, ಯಾಕಂದ್ರೆ ಮಳೆ ಇತ್ತು ಅಲ್ವಾ. ಆದರೆ ಅವರು ಆನ್‌ಲೈನ್‌ನಲ್ಲಿ ಇರೋದು ಕಾಣುತ್ತಿತ್ತು. ಒಂಬತ್ತನೇ ದಿನ ಇನ್ನೊಂದು ಮೆಸೇಜ್ ಹಾಕಿದೆ. ಅದಕ್ಕೆ ಬಂದದ್ದು ಒಂದೇ ಟಿಕ್, ಅಂದರೆ ಮೆಸೇಜ್ ಅವರಿಗೆ ಮುಟ್ಟಲೇ ಇಲ್ಲ. ಪ್ರೊಫೈಲ್ ಫೋಟೋ ಇದ್ದ ಜಾಗದಲ್ಲಿ ಬೂದು ಬಣ್ಣದ ಒಂದು ತಲೆ, ಎರಡು ಭುಜ.

ಆ ವರ್ಷವಿಡೀ ನಾನು ಬೇರೆಯವರ ಕೆಲಸಕ್ಕೆ ಚಿತ್ರ ಬರೆದುಕೊಟ್ಟೆ, ನನ್ನದು ಅಂತ ಏನೂ ಬರೆಯಲಿಲ್ಲ. ಕೊನೆಗೆ ಟ್ಯಾಬ್ಲೆಟ್ ಮುಂದೆ ಕೂತಾಗ ಕೈಗೆ ಬಂದದ್ದು ಆ ಮೂರು ಚುಕ್ಕಿ. ಚುಕ್ಕಿ ಬರೆಯೋದರಲ್ಲಿ ಏನಿದೆ ಅಂತ ಅನ್ನಿಸಬಹುದು. ಸೆಕೆಂಡಿಗೆ 12 ಫ್ರೇಮ್‌ನಂತೆ, ಅಂದರೆ 12 ಚಿತ್ರದಂತೆ, ಒಂದೊಂದನ್ನೂ ಕೈಯಲ್ಲಿ ಬರೆದೆ. ಕಂಪ್ಯೂಟರ್‌ಗೇ ಬಿಟ್ಟರೆ ಅದು ಮೂರೂ ಚುಕ್ಕಿಯನ್ನು ಒಂದೇ ಅಳತೆಯಲ್ಲಿ ಕುಣಿಸುತ್ತೆ, ಅದರಲ್ಲಿ ಮನುಷ್ಯ ಇರಲ್ಲ. ಕೈಯಲ್ಲಿ ಬರೆದರೆ ಎರಡನೇ ಚುಕ್ಕಿ ಒಂದು ಕೂದಲೆಳೆಯಷ್ಟು ತಡವಾಗಿ ಏಳುತ್ತೆ. ಆ ತಡ ಇದೆಯಲ್ಲ, ಅಲ್ಲಿ ಯಾರೋ ಒಬ್ಬರು ಹೇಳಲೋ ಬೇಡವೋ ಅಂತ ಯೋಚಿಸುತ್ತಾ ಕೂತ ಹಾಗೆ ಕಾಣುತ್ತೆ. ಅದನ್ನು ಹಿಡಿಯೋಕೆ ನನಗೆ ಮೂರು ವಾರ ಬೇಕಾಯ್ತು.

ಇನ್ನೊಂದು ವಿಷಯ ಕೆಲಸ ಮಾಡುವಾಗಲೇ ಗೊತ್ತಾದದ್ದು. ಅವರ ಮುಖದ ಒಂದು ರೇಖಾಚಿತ್ರವನ್ನು ಬೇರೆ ಲೇಯರ್‌ನಲ್ಲಿ ಇಟ್ಟಿದ್ದೆ. ಲೇಯರ್ ಅಂದರೆ ಚಿತ್ರದ ಮೇಲೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯ ಹಾಗೆ. ಅದನ್ನು ನಿಧಾನಕ್ಕೆ ಮಸುಕು ಮಾಡಿ ಮಾಯ ಮಾಡೋಣ ಅಂತ ಒಪಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನೋ ಅಳತೆಯನ್ನು, ನೂರರಿಂದ ಸೊನ್ನೆಗೆ ತಂದೆ. ಪರದೆ ಖಾಲಿಯಾಯ್ತು. ಆದರೆ ಪಕ್ಕದ ಪಟ್ಟಿಯಲ್ಲಿ ಆ ಲೇಯರ್‌ನ ಹೆಸರು ಹಾಗೇ ಇತ್ತು. ಕಾಣದೇ ಇದ್ದರೂ ಅದು ಫೈಲ್‌ನಲ್ಲಿದೆ, ಜಾಗ ತಿನ್ನುತ್ತಿದೆ. ನಾನು ಸುಮಾರು ಹೊತ್ತು ಆ ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಅನಿಮೇಷನ್‌ನಲ್ಲಿ ಮುಖವನ್ನು ತೋರಿಸಲೇ ಇಲ್ಲ, ಆ ಖಾಲಿ ಲೇಯರ್‌ಗಳ ಪಟ್ಟಿಯನ್ನೇ ತೋರಿಸಿದೆ. ಘೋಸ್ಟ್ ಮಾಡಿಸಿಕೊಂಡವರಿಗೆ ಅದು ಏನಂತ ತಕ್ಷಣ ಗೊತ್ತಾಗುತ್ತೆ.

ಈಗ ಲೇಖಕರ ಮಾತಿಗೆ ಬರ್ತೀನಿ. ಇದು ಡೇಟಿಂಗ್ ಆ್ಯಪ್ ಬಂದ ಮೇಲಿನ ಶೋಕಿ ಅನ್ನೋದು ತಪ್ಪು. ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಬಂದದ್ದು 2012ರಲ್ಲಿ. ಅದಕ್ಕೂ 16 ವರ್ಷ ಮೊದಲು, 1996ರಲ್ಲಿ, ಒಲಿಯಾ ಲಿಯಾಲಿನಾ ಎಂಬ ರಷ್ಯನ್ ಕಲಾವಿದೆ ಬರೀ ವೆಬ್ ಬ್ರೌಸರ್‌ನಲ್ಲಿ ನೋಡುವಂಥ ಒಂದು ಕೃತಿ ಮಾಡಿದರು. ಹೆಸರು 'ಮೈ ಬಾಯ್‌ಫ್ರೆಂಡ್ ಕೇಮ್ ಬ್ಯಾಕ್ ಫ್ರಮ್ ದ ವಾರ್'. ಯುದ್ಧದಿಂದ ವಾಪಸ್ ಬಂದ ಹುಡುಗ, ಅವನನ್ನು ಕಾಯುತ್ತಿದ್ದ ಹುಡುಗಿ. ಕಪ್ಪು ಬಿಳುಪು ಚಿತ್ರ, ತುಂಡು ತುಂಡು ಮಾತು. ಒಂದು ಮಾತಿನ ಮೇಲೆ ಕ್ಲಿಕ್ ಮಾಡಿದರೆ ಪರದೆ ಎರಡು ಭಾಗ ಆಗುತ್ತೆ, ಮತ್ತೆ ಕ್ಲಿಕ್ ಮಾಡಿದರೆ ಆ ಭಾಗವೂ ಒಡೆಯುತ್ತೆ. ಇಬ್ಬರೂ ಎದುರೆದುರೇ ಇದ್ದಾರೆ, ಆದರೆ ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ತಾಳೆಯಾಗಲ್ಲ. ಮುಂದೆ ಹೋದ ಹಾಗೆ ಚೌಕಗಳು ಚಿಕ್ಕದಾಗುತ್ತಾ ಒಂದೊಂದೇ ಖಾಲಿಯಾಗಿ ಕಪ್ಪಾಗುತ್ತವೆ. ಡೇಟಿಂಗ್ ಕಥೆ ಅಲ್ಲ ಇದು, ನಿಜ. ಆದರೆ ಮಾತು ಸಾಯೋದನ್ನು ಪರದೆಯ ಮೇಲೆ ಹೇಗೆ ತೋರಿಸಬಹುದು ಅನ್ನೋದನ್ನು ಅವರು ಆಗಲೇ ಮಾಡಿ ತೋರಿಸಿದ್ದರು. ಅದೂ ಬರೀ ಹೆಚ್‌ಟಿಎಂಎಲ್ ಫ್ರೇಮ್‌ಗಳಲ್ಲಿ, ಅಂದರೆ ವೆಬ್ ಪುಟವನ್ನು ಚೌಕಗಳಾಗಿ ಭಾಗ ಮಾಡುವ ಸರಳ ಕೋಡ್‌ನಲ್ಲಿ. ನಂತರ ಎಷ್ಟೋ ಕಲಾವಿದರು ಅದನ್ನೇ ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಮಾಡಿದ್ದಾರೆ.

2008ರಲ್ಲಿ ಜೊನಾಥನ್ ಹ್ಯಾರಿಸ್ ಮತ್ತು ಸೆಪ್ ಕಾಮ್ವಾರ್ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಒಂದು ದೊಡ್ಡ ಟಚ್‌ಸ್ಕ್ರೀನ್ ಕೃತಿ ಮಾಡಿದರು. ಡೇಟಿಂಗ್ ವೆಬ್‌ಸೈಟ್‌ಗಳಿಂದ ಪ್ರೊಫೈಲ್‌ಗಳನ್ನು ತೆಗೆದುಕೊಂಡು, ಒಂದೊಂದನ್ನೂ ಆಕಾಶದಲ್ಲಿ ತೇಲುವ ಬಲೂನ್ ಮಾಡಿದ್ದರು. ಗಂಡಸರಿಗೆ ನೀಲಿ, ಹೆಂಗಸರಿಗೆ ಗುಲಾಬಿ. ಒಳಗೆ ಒಂದು ನೆರಳಿನ ಆಕೃತಿ. ನಾನು ಅದನ್ನು ನೋಡಿದ್ದು ವಿಡಿಯೋದಲ್ಲಿ ಮಾತ್ರ. ಎಲ್ಲರೂ ಹತ್ತಿರ ಹತ್ತಿರ ತೇಲುತ್ತಾರೆ, ಒಬ್ಬರ ಬಲೂನಿನೊಳಗಿಂದ ಇನ್ನೊಬ್ಬರದ್ದಕ್ಕೆ ದಾರಿಯಿಲ್ಲ. ನೋಡಿ ಸುಮ್ಮನಾಗಿಬಿಟ್ಟೆ.

ಆದರೆ ನಾನು ಜಾಸ್ತಿ ಯೋಚಿಸಿದ್ದು ಫ್ರಾನ್ಸಿನ ಸೋಫಿ ಕಾಲ್ ಅವರ ಕೆಲಸದ ಬಗ್ಗೆ. ಅವರ ಗೆಳೆಯ ಇಮೇಲ್‌ನಲ್ಲಿ ಸಂಬಂಧ ಮುಗಿಸಿದ. ಪತ್ರದ ಕೊನೆಯಲ್ಲಿ, ನಿಮ್ಮ ಬಗ್ಗೆ ಕಾಳಜಿ ವಹಿಸಿ ಅಂತ ಬರೆದಿದ್ದ. ಅವರು ಆ ಇಮೇಲನ್ನು 107 ಹೆಂಗಸರಿಗೆ ಕೊಟ್ಟರು. ನಿಮ್ಮ ನಿಮ್ಮ ಕಸುಬಿನ ಕಣ್ಣಿನಿಂದ ಇದನ್ನು ಓದಿ ಅಂದರು. ಪ್ರೂಫ್ ತಿದ್ದುವವರು ತಪ್ಪು ಗುರುತು ಮಾಡಿದರು, ನರ್ತಕಿ ಕುಣಿದರು, ಬಂದೂಕಿನಲ್ಲಿ ಗುರಿ ಹೊಡೆಯುವಾಕೆ ಕಾಗದಕ್ಕೆ ಗುಂಡು ಹೊಡೆದರು. 2007ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಫ್ರಾನ್ಸಿನ ಮಂಟಪದ ತುಂಬ ಇದೇ ಇತ್ತು. ಒಬ್ಬ ಹೆಂಗಸಿನ ಖಾಸಗಿ ಬೇಜಾರನ್ನು ಅಲ್ಲಿ ಯಾರೂ ಗೋಳು ಅಂತ ಬಾಗಿಲಲ್ಲೇ ತಡೆಯಲಿಲ್ಲ.

ನಾನು ಹೇಳಬೇಕು ಅಂದುಕೊಂಡ ಮಾತು ಇಲ್ಲಿಂದ ಶುರುವಾಗುತ್ತೆ. ಸೋಫಿ ಕಾಲ್‌ಗೆ ಕನಿಷ್ಠ ಒಂದು ಇಮೇಲ್ ಸಿಕ್ಕಿತ್ತು. ಕೆಟ್ಟದೋ ಒಳ್ಳೆಯದೋ, ಓದೋಕೆ, ಹರಿಯೋಕೆ, 107 ಜನರ ಕೈಗೆ ಕೊಡೋಕೆ ಒಂದಷ್ಟು ಸಾಲುಗಳಿದ್ದವು. ಘೋಸ್ಟ್ ಆದವರ ಕೈಯಲ್ಲಿ ಏನಿದೆ? ಅವರೇ ಬರೆದ ಒಂದು ಸಾಲು, ಅದರ ಕೆಳಗೆ ಖಾಲಿ ಜಾಗ. ಬರದೇ ಇರುವ ಮಾತನ್ನು ಚಿತ್ರ ಮಾಡೋದು ಹೇಗೆ? ಇದು ನಿಜವಾಗಿಯೂ ಕಷ್ಟದ ಕೆಲಸ. ಎಣ್ಣೆಬಣ್ಣದಲ್ಲಿ ಕಾಯುತ್ತಿರುವ ಹೆಂಗಸಿನ ಮುಖ ಬರೆಯಬಹುದು, ಎಷ್ಟೋ ಜನ ಬಹಳ ಚೆನ್ನಾಗಿ ಬರೆದಿದ್ದಾರೆ. ನೋಡುವವರು ಕಾಯುವವಳನ್ನು ನೋಡ್ತಾರೆ. ಪರದೆಯ ಮೇಲಿನ ಕೃತಿ ನೋಡುವವರನ್ನೇ ಕಾಯಿಸುತ್ತೆ. ಕಾಲವೇ ಅದರ ಬಣ್ಣ. ಅಲ್ಲದೆ ನಮ್ಮನ್ನು ನೋಯಿಸಿದ ಸಾಮಾನುಗಳೂ ಇವೇ ಅಲ್ವಾ: ಟಿಕ್, ಚುಕ್ಕಿ, ಹಸಿರು ದೀಪ, ಕೊನೆಯ ಸಲ ಬಂದ ಹೊತ್ತು. ಓದಿದ್ದಕ್ಕೆ ನೀಲಿ ಟಿಕ್ ವಾಟ್ಸ್‌ಆ್ಯಪ್‌ಗೆ ಬಂದದ್ದು 2014ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ನೋಡಿರಲಿಕ್ಕಿಲ್ಲ ಅಂತ ಸಮಾಧಾನ ಮಾಡಿಕೊಳ್ಳೋಕೆ ಒಂದು ಚೂರು ಜಾಗ ಇತ್ತು.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಒಬ್ಬ ಅಜ್ಜಿ. ಕೆಲವರು ಸೇರಿ ಮಾಡಿದ ಒಂದು ಚಿಕ್ಕ ಪ್ರದರ್ಶನದಲ್ಲಿ ನನ್ನ ಅನಿಮೇಷನ್ ಹಾಕಿದ್ದೆವು. ನಾಲ್ಕು ನಿಮಿಷದ್ದು, ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗುತ್ತೆ. ಮಧ್ಯೆ ಮಧ್ಯೆ ಚುಕ್ಕಿ ಬಂದು ಹೋಗುತ್ತೆ, ಉತ್ತರ ಮಾತ್ರ ಬರಲ್ಲ. ಆ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಮೊಮ್ಮಗಳು ಒಂದು ನಿಮಿಷ ನೋಡಿ ಮುಂದೆ ಹೋದಳು. ಇವರು ಮಾತ್ರ ಅಲ್ಲೇ ನಿಂತರು. ಚುಕ್ಕಿ ಬಂದಾಗಲೆಲ್ಲ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಎರಡನೇ ಸುತ್ತು ಶುರುವಾದ ಮೇಲೆ ನನ್ನ ಕಡೆ ತಿರುಗಿ, "ಅಲ್ಲಮ್ಮಾ, ನಮ್ಮ ಕಾಲದಲ್ಲಿ ಕಾಗದಕ್ಕೆ ಉತ್ತರ ಬರದಿದ್ರೆ ದಾರೀಲಿ ಎಲ್ಲೋ ಕಳೆದುಹೋಗಿರ್ಬೇಕು ಅಂದ್ಕೋತಿದ್ವಿ. ನಿಮಗೆ ಅದೂ ಇಲ್ವಲ್ಲ. ಮುಟ್ಟಿದೆ ಅಂತ ಗೊತ್ತು, ಓದಿದಾರೆ ಅಂತಾನೂ ಗೊತ್ತು" ಅಂದರು. ಡೇಟಿಂಗ್ ಆ್ಯಪ್ ಅಂದ್ರೆ ಏನು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಗೋಳು ಅನ್ನೋ ಮಾತಿಗೆ ಇನ್ನೊಂದು ಉತ್ತರ ಇದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಃಶಾಸ್ತ್ರಜ್ಞರು ಒಮ್ಮೆ ಪಾರ್ಕ್‌ನಲ್ಲಿ ಕೂತಿದ್ದಾಗ ಒಂದು ಫ್ರಿಸ್ಬೀ, ಅಂದರೆ ಎಸೆದಾಡುವ ಪ್ಲಾಸ್ಟಿಕ್ ತಟ್ಟೆ, ಅವರ ಹತ್ತಿರ ಬಂದು ಬಿತ್ತು. ಎತ್ತಿ ಎಸೆದರು. ಆಡುತ್ತಿದ್ದ ಇಬ್ಬರು ಇವರಿಗೂ ಎಸೆದರು, ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಆ ಇಬ್ಬರು ಏನೂ ಹೇಳದೆ ಇವರಿಗೆ ಎಸೆಯೋದನ್ನು ನಿಲ್ಲಿಸಿದರು. ಗುರುತು ಪರಿಚಯ ಇಲ್ಲದ ಇಬ್ಬರು ಹಾಗೆ ಮಾಡಿದ್ದಕ್ಕೆ ತನಗೆ ಅಷ್ಟೊಂದು ಬೇಜಾರಾದದ್ದು ಕಂಡು ಅವರಿಗೇ ಆಶ್ಚರ್ಯವಾಯ್ತು. ಅದರಿಂದ ಸೈಬರ್‌ಬಾಲ್ ಎಂಬ ಚಿಕ್ಕ ಕಂಪ್ಯೂಟರ್ ಆಟ ಹುಟ್ಟಿತು. ಚೆಂಡು ಎಸೆದಾಡುವ ಮೂರು ಗೊಂಬೆ, ಅದರಲ್ಲಿ ಒಂದು ನೀವು. ಕೆಲವು ಸಲ ನಿಮಗೆ ಚೆಂಡು ಬರುತ್ತೆ, ಆಮೇಲೆ ಬರೋದೇ ಇಲ್ಲ. ಈ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮೈ ನೋವಾದಾಗ ಚುರುಕಾಗುವ ಮಿದುಳಿನ ಒಂದು ಭಾಗ ಆಗಲೂ ಚುರುಕಾಗಿತ್ತು. ಮರು ವರ್ಷ ಇನ್ನೊಂದು ಅಧ್ಯಯನ ಮಾಡಿದರು. ಎದುರಿಗೆ ಮನುಷ್ಯರಿಲ್ಲ, ಬರೀ ಕಂಪ್ಯೂಟರ್ ಆಡ್ತಿದೆ ಅಂತ ಮೊದಲೇ ಹೇಳಿದ್ದರೂ ಜನರಿಗೆ ಬೇಜಾರಾಯ್ತು.

ನನ್ನ ಪ್ರಕಾರ ಘೋಸ್ಟಿಂಗ್‌ನ ಅತ್ಯಂತ ಸರಳವಾದ ಚಿತ್ರ ಈ ಮೂರು ಗೊಂಬೆಗಳೇ. ಮಾಡಿದವರು ಅದನ್ನು ಕಲೆ ಅಂತ ಮಾಡಲಿಲ್ಲ. ಚೆಂಡು ಇನ್ನಿಬ್ಬರ ನಡುವೆ ಹೋಗ್ತಾ ಬರ್ತಾ ಇದೆ, ನಿಮ್ಮ ಗೊಂಬೆ ಕೆಳಗೆ ಸುಮ್ಮನೆ ನಿಂತಿದೆ. ನಾಲ್ಕು ತಿಂಗಳು ದಿನವೂ ಮಾತಾಡಿದವರು ಹಾಗೆ ಮಾಡಿದರೆ ಅದು ಚಿಕ್ಕ ನೋವಾ?

ಸ್ಕ್ರೀನ್‌ಶಾಟ್ ಬಗ್ಗೆ ಲೇಖಕರು ಹೇಳಿದ್ದರಲ್ಲಿ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇನ್ನೊಬ್ಬರ ಹೆಸರು, ಫೋಟೋ, ನಂಬಿ ಹೇಳಿದ ಮಾತು, ಎಲ್ಲವನ್ನೂ ಎತ್ತಿ ಎಲ್ಲರ ಮುಂದೆ ಹಾಕಿ ಅದನ್ನು ಕಲೆ ಅನ್ನುವವರಿದ್ದಾರೆ. ಅದು ಸೇಡು. 2014ರಲ್ಲಿ ಡ್ರೀಸ್ ವರ್ಹೂವನ್ ಎಂಬ ಡಚ್ ಕಲಾವಿದರು ಬರ್ಲಿನ್‌ನ ಒಂದು ಚೌಕದಲ್ಲಿ ಗಾಜಿನ ಗೋಡೆಯ ಕಂಟೇನರ್‌ನಲ್ಲಿ ವಾಸವಿದ್ದು, ಗೇ ಪುರುಷರು ಬಳಸುವ ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್‌ನಲ್ಲಿ ತಾವು ಮಾಡುವ ಚಾಟ್‌ಗಳನ್ನು ದಾರಿಹೋಕರಿಗೆ ಕಾಣುವಂತೆ ದೊಡ್ಡದಾಗಿ ತೋರಿಸಿದರು. ಆ ಕಡೆ ಮಾತಾಡುತ್ತಿದ್ದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದಾಗ ದೊಡ್ಡ ಗಲಾಟೆಯಾಯ್ತು, ಅಂದುಕೊಂಡಿದ್ದಕ್ಕಿಂತ ಬೇಗ ಅದನ್ನು ನಿಲ್ಲಿಸಬೇಕಾಯ್ತು. ಆ್ಯಪ್‌ಗಳ ಒಂಟಿತನವನ್ನು ತೋರಿಸೋದು ಅವರ ಉದ್ದೇಶ. ಉದ್ದೇಶ ದೊಡ್ಡದಿರಬಹುದು. ಆದರೆ ಬೇರೆಯವರ ಗುಟ್ಟನ್ನು ಅವರನ್ನು ಕೇಳದೆ ಬಳಸಿದ ಕ್ಷಣಕ್ಕೇ ಅದು ನನ್ನ ಪಾಲಿಗೆ ಸೋತ ಕೃತಿ. ಮುಂಬೈನ ಇಂದು ಹರಿಕುಮಾರ್ ಇದಕ್ಕೆ ಬೇರೆ ದಾರಿ ತೋರಿಸಿದ್ದಾರೆ. ಜನರಿಂದ ಅವರವರ ಟಿಂಡರ್ ಕಥೆಗಳನ್ನು ತರಿಸಿಕೊಂಡು, ಹೇಳಿದವರ ಒಪ್ಪಿಗೆಯಿಂದಲೇ ಚಿತ್ರ ಬರೆದರು.

ನನ್ನ ಅನಿಮೇಷನ್‌ನಲ್ಲಿ ನನ್ನಿಂದ ಮಾಯವಾದವರ ಒಂದು ಅಕ್ಷರವೂ ಇಲ್ಲ. ಇರೋದು ನನ್ನದೇ ಸಾಲು, "ಮನೆ ತಲುಪಿದ್ರಾ?" ಅನ್ನೋದು. ಇಷ್ಟು ಎಚ್ಚರ ಯಾಕೆ ಅಂದ್ರೆ, ಮಾಯವಾಗುವವರೆಲ್ಲ ಕೆಟ್ಟವರಲ್ಲ. ಹೆದರಿಸುವವರು, ಬೇಡ ಅಂದರೂ ಬೆನ್ನು ಬೀಳುವವರು ಇದ್ದಾರೆ. ಅಂಥವರಿಗೆ ಕಾರಣ ಹೇಳುತ್ತಾ ಕೂರಬಾರದು, ಬ್ಲಾಕ್ ಮಾಡಿ ಹೊರಟುಬಿಡಬೇಕು. ಅಲ್ಲಿ ಸುಮ್ಮನಾಗೋದೇ ಕ್ಷೇಮ. ಹಾಗೆ ಕಷ್ಟಪಟ್ಟು ತಪ್ಪಿಸಿಕೊಂಡ ಒಬ್ಬ ಹುಡುಗಿಯ ಮುಖವನ್ನು, ಇವಳು ನನ್ನ ಘೋಸ್ಟ್ ಮಾಡಿದಳು ಅಂತ ಯಾರೋ ಕಲೆಯ ಹೆಸರಲ್ಲಿ ಹಾಕಿದರೆ ಏನಾಗಬಹುದು ಯೋಚಿಸಿ.

ಇನ್ನೊಂದು ಕಾರಣವೂ ಇದೆ, ಅದನ್ನೂ ಬರೆದುಬಿಡ್ತೀನಿ. ಚುಕ್ಕಿಗಳನ್ನು ಬರೆಯುತ್ತಿದ್ದ ಎರಡನೇ ವಾರ ನನಗೆ ಒಬ್ಬರ ನೆನಪಾಯ್ತು. ತುಂಬಾ ವರ್ಷಗಳ ಹಿಂದೆ ಆನ್‌ಲೈನ್‌ನಲ್ಲೇ ಪರಿಚಯವಾಗಿದ್ದ ಒಬ್ಬ ಒಳ್ಳೆಯ ಮನುಷ್ಯ. ನನಗೆ ಇಷ್ಟವಾಗಿರಲಿಲ್ಲ, ಅಷ್ಟೇ. ಹೇಗೆ ಹೇಳೋದು ಅಂತ ಗೊತ್ತಾಗದೆ ನಾಳೆ ಹೇಳೋಣ ಅಂತ ಮುಂದೂಡಿ ಮುಂದೂಡಿ ಕೊನೆಗೆ ಹೇಳಲೇ ಇಲ್ಲ. ಅವರ ಕೊನೆಯ ಮೂರು ಮೆಸೇಜ್‌ಗೆ ನಾನು ಉತ್ತರ ಕೊಟ್ಟಿರಲಿಲ್ಲ. ಹುಡುಕಿದಾಗ ಹಳೆಯ ಇಮೇಲ್‌ನಲ್ಲಿ ಸಿಕ್ಕಿತು. ಮೂರನೆಯದರಲ್ಲಿ ಅವರು ನನ್ನಿಂದ ಏನಾದರೂ ತಪ್ಪಾಯ್ತಾ ಅಂತ ಕೇಳಿದ್ದರು. ನಾನು ಅವತ್ತೇ ನಾಲ್ಕು ಸಾಲು ಬರೆದೆ. ತಪ್ಪು ನಿಮ್ಮದಲ್ಲ, ಹೇಳೋಕೆ ಧೈರ್ಯ ಬರಲಿಲ್ಲ, ಕ್ಷಮಿಸಿ ಅಂತ. ಮರುದಿನ ಉತ್ತರ ಬಂತು. ತನಗೆ ಮದುವೆಯಾಗಿದೆ, ಚೆನ್ನಾಗಿದ್ದೇನೆ, ಆದರೂ ಓದಿ ಸಮಾಧಾನವಾಯ್ತು ಅಂತ ಬರೆದಿದ್ದರು. ಚುಕ್ಕಿಯ ಆ ಕಡೆ ಕೂತವರ ಬಗ್ಗೆ ನನ್ನ ಕೋಪ ಆ ದಿನ ಅರ್ಧ ಇಳಿಯಿತು. ಅನಿಮೇಷನ್‌ನಲ್ಲಿ ಎರಡನೇ ಚುಕ್ಕಿ ತಡವರಿಸಬೇಕು ಅಂತ ಹೊಳೆದದ್ದು ಆ ವಾರ.

ಮಾಯವಾಗೋದರ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ, ಮಾಯವಾಗದೇ ಉಳಿಯೋದರ ಬಗ್ಗೆಯೂ ಒಂದು ಕೃತಿ ಇದೆ. ಸ್ಪೇನಿನ ಕಲಾವಿದೆ ಜೊವಾನಾ ಮೋಲ್ 2018ರಲ್ಲಿ 'ದ ಡೇಟಿಂಗ್ ಬ್ರೋಕರ್ಸ್' ಅನ್ನೋದನ್ನು ಮಾಡಿದರು. ಟ್ಯಾಕ್ಟಿಕಲ್ ಟೆಕ್ ಸಂಸ್ಥೆಯ ಜೊತೆ ಸೇರಿ, ಡೇಟಿಂಗ್ ಪ್ರೊಫೈಲ್ ಮಾರುವವರಿಂದ 10 ಲಕ್ಷ ಪ್ರೊಫೈಲ್‌ಗಳನ್ನು 136 ಯೂರೋಗೆ ಕೊಂಡುಕೊಂಡಿದ್ದರು. ಫೋಟೋ, ವಯಸ್ಸು, ಕೆಲಸ, ಇಷ್ಟಾನಿಷ್ಟ ಎಲ್ಲ ಅದರಲ್ಲಿತ್ತು. ಒಬ್ಬ ಮನುಷ್ಯ ಇನ್ನೊಬ್ಬರ ಬದುಕಿನಿಂದ ಒಂದೇ ಕ್ಷಣದಲ್ಲಿ ಹೊರಗೆ ಹೋಗಬಹುದು, ಅವನು ಪ್ರೀತಿ ಹುಡುಕುತ್ತಾ ಬರೆದುಕೊಂಡ ಸಾಲುಗಳು ಮಾತ್ರ ಯಾರದ್ದೋ ಸರ್ವರ್‌ನಲ್ಲಿ ಮಾರಾಟಕ್ಕೆ ಬಿದ್ದಿರುತ್ತವೆ. ಇದನ್ನು ನಮಗೆ ತೋರಿಸಿದ್ದು ಒಬ್ಬ ಡಿಜಿಟಲ್ ಕಲಾವಿದೆ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಇಂಥ ಕೃತಿಗಳ ಬಗ್ಗೆ ಬರೆಸುವಾಗ ಒಂದು ಕೃತಿಯನ್ನಾದರೂ ಪೂರ್ತಿ ನೋಡಿದವರಿಂದ ಬರೆಸಿ. ಪುಟದಲ್ಲಿ ಜಾಗ ಇದ್ದರೆ ಒಂದೆರಡು ಚಿತ್ರವನ್ನೂ ಹಾಕಿ. ಒಂದೇ ಟಿಕ್, ಕೆಳಗೆ ಖಾಲಿ, ಅಷ್ಟೇ ಇದ್ದರೂ ಪರವಾಗಿಲ್ಲ. ಅದನ್ನು ನೋಡಿ ಸ್ವಲ್ಪ ಹೊತ್ತು ನಿಲ್ಲುವ ಓದುಗರು ನಿಮಗೆ ತುಂಬಾ ಜನ ಇದ್ದಾರೆ, ಅವರು ಪತ್ರ ಬರೆಯಲ್ಲ ಅಷ್ಟೇ.

ಲೇಖನ ಬರೆದವರಿಗೂ ಒಂದು ಮಾತು ಮುಟ್ಟಿಸಿ. ಲಿಯಾಲಿನಾ ಅವರ ಆ 1996ರ ಕೃತಿ ಇವತ್ತಿಗೂ ಇಂಟರ್‌ನೆಟ್‌ನಲ್ಲಿದೆ. ಒಂದು ಸಂಜೆ ಬಿಡುವು ಮಾಡಿಕೊಂಡು, ಫೋನ್ ಬೇಡ, ಕಂಪ್ಯೂಟರ್‌ನಲ್ಲೇ ತೆರೆದು, ಚೌಕಗಳೆಲ್ಲ ಖಾಲಿಯಾಗುವ ತನಕ ಕ್ಲಿಕ್ ಮಾಡಿ ನೋಡಲಿ. ಆಮೇಲೂ ಅದು ಗೋಳು ಅನ್ನಿಸಿದರೆ ಹಾಗೇ ಬರೆಯಲಿ, ನಾನು ಓದ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ